ಅರ್ಧಕ್ಕೆ ನಿಂತ ಬಾವುಟ

ಎಂಬ್ರಿಕ್ ನೆರ್‌ಹಾಗೆನ್ ಸುಳ್ಳುಗಾರನಲ್ಲ. ಐವತ್ತು ದಾಟುವವರೆಗೆ ಅವನು ಹೇಳಿದ ಸುಳ್ಳುಗಳನ್ನೆಲ್ಲ ಒಟ್ಟು ಹಾಕಿದರೂ ಒಂದು ಬೊಗಸೆ ತುಂಬುತ್ತಿರಲಿಲ್ಲ. ಆದರೆ ನಮ್ಮ ಬಂದರು ಪಟ್ಟಣ ಬರ್ಗೆನ್ನಿನಲ್ಲಿ ಬಾಡಿಗೆಗೆ ಒಂದು ಕೋಣೆ ಹುಡುಕುವುದೆಂದರೆ ಎಂಥ ಸತ್ಯವಂತನ ನಾಲಗೆಯೂ ಕೊಂಚ ಹೊರಳುತ್ತದೆ. ಸೋಮವಾರದಿಂದ ಅವನಿಗೆ ಇಲ್ಲಿ ಸಿಟಿ ಬಸ್ಸು ಓಡಿಸುವ ಕೆಲಸ. ಕೆಲಸ ಸಿಕ್ಕಿತ್ತು, ಸೂರು ಸಿಕ್ಕಿರಲಿಲ್ಲ. ಒಳನಾಡಿನ ಹಾಲಿಂಗ್‌ಡಾಲ್ ಕಣಿವೆಯ ಅವನ ಮಾತಿನ ಧಾಟಿ ಕಿವಿಗೆ ಬಿದ್ದದ್ದೇ ತಡ, ಕೋಣೆ ಆಗಲೇ ಹೋಯಿತೆಂದು ಮನೆಯವರೆಲ್ಲ ಫೋನು ಇಟ್ಟುಬಿಡುತ್ತಿದ್ದರು. ಯಾಕೋಬಿನೆ ಎಂಬ ವಿಧವೆಯೊಬ್ಬರು ಮಾತ್ರ ಫೋನು ಇಡದೆ ಒಂದು ಪ್ರಶ್ನೆ ಕೇಳಿದರು.

“ಹಗ್ಗದ ಕೆಲಸ ಗೊತ್ತೇನ್ರೀ ನಿಮಗೆ? ನಮ್ಮೆಜಮಾನ್ರು ಹಡಗಿನ ಕಪ್ತಾನರಾಗಿದ್ದೋರು. ಅವರು ತೀರಿಕೊಂಡಮೇಲೆ ಮನೇಲಿ ಹಗ್ಗ ಹಿಡಿಯೋರಿಲ್ಲ.”

“ಗೊತ್ತಿಲ್ದೆ ಏನಮ್ಮಾ! ಸಮುದ್ರದ ಮೇಲೇ ಒಂದಷ್ಟು ಕಾಲ ಕಳೆದೋನು ನಾನು,” ಎಂದುಬಿಟ್ಟ ಎಂಬ್ರಿಕ್.

ಅವನು ಸಮುದ್ರ ಕಂಡದ್ದು ಗೋಡೆಯ ಕ್ಯಾಲೆಂಡರಿನಲ್ಲಿ. ನೀರಿನ ಮೇಲಿನ ಅವನ ಅನುಭವವೆಂದರೆ, ಸೈನ್ಯದಲ್ಲಿದ್ದಾಗ ಒಮ್ಮೆ ಒಂದು ಸರೋವರವನ್ನು ದೋಣಿಯಲ್ಲಿ ದಾಟಿ, ಆಚೆ ದಡ ಮುಟ್ಟುವವರೆಗೂ ವಾಂತಿ ಮಾಡಿಕೊಂಡದ್ದು. ಉಳಿದ ಆಯುಷ್ಯವೆಲ್ಲ ದನ, ಹುಲ್ಲು, ಮತ್ತು ಕಣಿವೆಯ ಒಂದೇ ಒಂದು ಬಸ್ಸಿನ ಜೊತೆ ಕಳೆದಿತ್ತು.

“ಸರಿ, ಬನ್ನಿ. ಒಂದು ದಿವಸ ನೋಡ್ತೀನಿ. ಹೊಂದಿದ್ರೆ ಇರಿ. ಇಲ್ದಿದ್ರೆ ರಾತ್ರಿ ರೈಲಿಗೇ ವಾಪಸ್ಸು ಹೊರಡಿ,” ಎಂದರು ಯಾಕೋಬಿನೆ.

ಹೀಗೆ ಜೂನ್ ತಿಂಗಳ ಒಂದು ಬೆಳಿಗ್ಗೆ, ನಮ್ಮೂರ ಪದ್ಧತಿಯಂತೆ ಮಳೆ ಹನಿಯುತ್ತಿರುವಾಗ, ಎಂಬ್ರಿಕ್ ಒಂದು ಸೂಟ್‌ಕೇಸು ಹಿಡಿದು ರೈಲಿಳಿದ. ಕಲ್ಲು ಹಾಸಿನ ಏರು ಓಣಿಯನ್ನು ಏದುಸಿರು ಬಿಡುತ್ತ ಹತ್ತಿ, ಬಿಳಿ ಬಣ್ಣದ ಮರದ ಮನೆಯ ಗಂಟೆ ಒತ್ತಲು ಕೈ ಎತ್ತಿದ. ಒತ್ತುವ ಮುಂಚೆಯೇ ಬಾಗಿಲು ತೆರೆಯಿತು. ಹಸಿರು ಗರಿಯ ಟೋಪಿಗೆ ಪಿನ್ನು ಚುಚ್ಚಿಕೊಳ್ಳುತ್ತ ನಿಂತಿದ್ದರು ಯಾಕೋಬಿನೆ: ಎತ್ತರದ, ಒಣಕಲು ಮೈಯ, ನಗುವನ್ನು ಹಬ್ಬಕ್ಕೆಂದು ಎತ್ತಿಟ್ಟಂಥ ಮುಖದ ಮುದುಕಿ.

“ಬೂಟು ಬಿಚ್ಚಿ. ನಿಮ್ಮ ಕೋಣೆ ಮೇಲಿದೆ, ಕಾಫಿ ಒಲೆ ಮೇಲಿದೆ. ನಾನು ನಡುಗಡ್ಡೇಲಿ ಒಂದು ನಾಮಕರಣಕ್ಕೆ ಹೋಗ್ಬೇಕು, ದೋಣಿ ಹೊರಡೋ ಹೊತ್ತು. ಬರೋದು ಸಂಜೆ. ಈಗ ಕಿವಿ ಕೊಟ್ಟು ಕೇಳಿ. ಎಂಟು ಹೊಡೆದಾಗ ತೋಟದ ಕಂಬಕ್ಕೆ ಬಾವುಟ ಏರಿಸ್ಬೇಕು. ಎಂಟಕ್ಕೆ ಮುಂಚೆ ಕೂಡದು, ಆಮೇಲೂ ಕೂಡದು. ನೆಲಕ್ಕೆ ತಾಗಬಾರದು. ಕಂಬದ ತುದೀವರೆಗೂ ಹೋಗ್ಬೇಕು. ಮನೆಗೆ ಬೆಂಕಿ ಬಿದ್ರೂ ಮೊದ್ಲು ಬಾವುಟ, ಆಮೇಲೆ ಬೆಂಕಿ.”

“ಇವತ್ತೇನಮ್ಮಾ ವಿಶೇಷ?”

“ವಿಶೇಷ ಕಟ್ಕೊಂಡು ನಿಮಗೇನಾಗ್ಬೇಕು? ಹಗ್ಗ ನಿಮ್ದು, ದಿವಸ ನಮ್ದು,” ಎಂದು ಯಾಕೋಬಿನೆ ಕೊಡೆ ಬಿಚ್ಚಿ ಇಳಿಜಾರಿನಲ್ಲಿ ಮರೆಯಾದರು.

ಅವರು ಅವನಿಗೆ ಹೇಳದೆ ಬಿಟ್ಟದ್ದನ್ನು ನಾವು ಹೇಳಿಬಿಡೋಣ. ಓಣಿಗೆಲ್ಲ ಗೊತ್ತಿದ್ದ ಸಂಗತಿಯನ್ನು ಓದುವವರಿಂದ ಮುಚ್ಚಿಡುವುದು ಸರಿಯಲ್ಲ. ಎದುರು ಮನೆಯಲ್ಲಿ ಯಾಕೋಬಿನೆಯ ತಂಗಿ ಲೊವೀಸೆ ಇದ್ದರು. ಅವರೂ ವಿಧವೆಯೇ. ಹದಿನೇಳು ವರ್ಷಗಳಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ. ಓಣಿಯಲ್ಲಿ ಎದುರಾದರೆ ಒಬ್ಬರು ಮೋರಿ ನೋಡುತ್ತಿದ್ದರು, ಇನ್ನೊಬ್ಬರು ಮೋಡ ನೋಡುತ್ತಿದ್ದರು. ಆದರೆ ಮನೆಯವರ ಹುಟ್ಟುಹಬ್ಬಕ್ಕೆ ಅಂಗಳದಲ್ಲಿ ಬಾವುಟ ಏರಿಸುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಜಗಳವಾದ ವರ್ಷ ಜೂನ್‌ನಲ್ಲಿ ಲೊವೀಸೆಯ ಹುಟ್ಟುಹಬ್ಬ ಬಂದಾಗ, ಅಭ್ಯಾಸಬಲವೋ ಬೇಕೆಂದೋ, ಯಾಕೋಬಿನೆ ಬಾವುಟ ಏರಿಸಿದರು. ನವೆಂಬರಿನಲ್ಲಿ ಯಾಕೋಬಿನೆಯ ಹುಟ್ಟುಹಬ್ಬಕ್ಕೆ, ಬಟ್ಟೆ ಹರಿದುಹೋಗುವಂಥ ಗಾಳಿಯಲ್ಲಿ, ಲೊವೀಸೆ ತಮ್ಮ ಕಂಬಕ್ಕೆ ಏರಿಸಿದರು. ಅಲ್ಲಿಂದ ಒಂದು ವರ್ಷವೂ ತಪ್ಪಿಲ್ಲ. ಅದರ ಬಗ್ಗೆ ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಬೆಳಿಗ್ಗೆ ಎಂಟಕ್ಕೆ ಕಿಟಕಿಯ ಪರದೆಯ ಹಿಂದೆ ನಿಂತು, ಬಾವುಟ ತುದಿ ಮುಟ್ಟಿದ್ದನ್ನು ನೋಡಿ, ಆಮೇಲೆ ಕಾಫಿಗೆ ನೀರಿಡುತ್ತಿದ್ದರು. ಅವರಿಬ್ಬರ ನಡುವೆ ಉಳಿದಿದ್ದ ಮಾತು ಅದೊಂದೇ.

ಇನ್ನೊಂದು ಸಂಗತಿ ಇಲ್ಲಿನ ಮಕ್ಕಳಿಗೂ ಗೊತ್ತು. ಬಾವುಟ ತುದಿಯಲ್ಲಿದ್ದರೆ ಮನೆಯಲ್ಲಿ ಸಂತೋಷ, ಅರ್ಧ ಕಂಬದಲ್ಲಿದ್ದರೆ ಮನೆಯಲ್ಲಿ ಸಾವು.

ಎಂಟು ಹೊಡೆಯಿತು. ಎಂಬ್ರಿಕ್ ತೋಟಕ್ಕಿಳಿದಾಗ ಬೆಟ್ಟದಿಂದ ಮಂಜು ಸೂರಿನವರೆಗೆ ಇಳಿದುಬಿಟ್ಟಿತ್ತು. ಕಂಬದ ಬುಡ ಕಾಣುತ್ತಿತ್ತು, ತಲೆ ಕಾಣುತ್ತಿರಲಿಲ್ಲ. ಅವನು ಬಾವುಟವನ್ನು ಹಗ್ಗಕ್ಕೆ ಸಿಕ್ಕಿಸಿದ. ಅಷ್ಟಕ್ಕೇ ಎಳೆದಿದ್ದರೆ ಈ ಕಥೆಯೂ ಇಲ್ಲ, ತಾಪತ್ರಯವೂ ಇಲ್ಲ. ಆದರೆ ಬಾವುಟಕ್ಕಿಂತ ಸಾಕಷ್ಟು ಮೇಲೆ ಹಗ್ಗ ಒಂದು ಕಡೆ ಸವೆದು ನಾರು ಬಿಟ್ಟದ್ದು ಅವನ ಕಣ್ಣಿಗೆ ಬಿತ್ತು. ಸಮುದ್ರದ ಮೇಲೆ ಕಾಲ ಕಳೆದ ಮನುಷ್ಯ ಸವೆದ ಹಗ್ಗ ಕಂಡೂ ಸುಮ್ಮನಿರಬಹುದೇ? ಅವನು ಬಾವುಟವನ್ನು ಕಂಕುಳಲ್ಲಿ ಇರುಕಿಕೊಂಡು, ಆ ಜಾಗವನ್ನು ಕೈಗೆಟುಕುವಷ್ಟು ಕೆಳಗೆಳೆದು ಮಡಿಚಿ, ಹಾಲಿಂಗ್‌ಡಾಲಿನಲ್ಲಿ ಗೂಳಿ ಕಟ್ಟುವಾಗ ಹಾಕುವ ಗಂಟು ಹಾಕಿದ. ಆ ಗಂಟನ್ನು ಇದುವರೆಗೆ ಯಾವ ಗೂಳಿಯೂ ಬಿಡಿಸಿಕೊಂಡದ್ದಿಲ್ಲ. ಮುಷ್ಟಿ ಗಾತ್ರದ ಅದನ್ನು ತಟ್ಟಿ ನೋಡಿ, ತೃಪ್ತಿಯಿಂದ ಹಗ್ಗ ಎಳೆಯತೊಡಗಿದ. ಬಾವುಟ ಮಂಜಿನೊಳಗೆ ಹೋಯಿತು. ಇನ್ನಷ್ಟು ಎಳೆದ. ಗಂಟು ಮೇಲಿನ ರಾಟೆಗೆ ಹೋಗಿ ಕಚ್ಚಿಕೊಂಡಿತು. ಹಗ್ಗ ನಿಂತಿತು.

“ತುದಿ ಮುಟ್ತು,” ಎಂದ ಎಂಬ್ರಿಕ್. ಕೆಳಗೆ ಹಗ್ಗ ಬಿಗಿದು ಕಟ್ಟಿ, ಮಂಜಿನ ಕಡೆಗೊಂದು ಸಲಾಮು ಹೊಡೆದು, ಒಳಗೆ ಹೋಗಿ ಕಾಫಿ ಬಗ್ಗಿಸಿಕೊಂಡ.

ಒಂದೆರಡು ಗಂಟೆಯಲ್ಲಿ ಮಂಜು ಹರಿಯಿತು. ಅಡುಗೆಮನೆಯ ಕಿಟಕಿಯಿಂದ ಕಂಬದ ಬುಡವಷ್ಟೇ ಕಾಣುತ್ತಿದ್ದುದರಿಂದ ಎಂಬ್ರಿಕ್ಕನಿಗೆ ಹೊರಗಿನ ಲೋಕ ಬದಲಾದದ್ದು ತಿಳಿಯಲಿಲ್ಲ. ಉಳಿದ ಇಡೀ ಗುಡ್ಡಕ್ಕೆ ತಿಳಿಯಿತು.

ಮೊದಲು ಬಂದವರು ಪಕ್ಕದ ಮನೆಯ ಮಿಲ್ಡೆಯಮ್ಮ. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಅವರ ಮೂಗಿಗೆ ಗೊತ್ತಾಗುತ್ತದೆ. ಕೈಯಲ್ಲಿ ಬಿಸಿ ಆರದ ಒಂದು ಕೇಕು. ಅವರು ಬಾಗಿಲಲ್ಲಿ ನಿಂತು ಪಿಸುಗುಟ್ಟಿದರು.

“ಒಬ್ರೇ ಇದೀರಾ?”

“ಒಬ್ನೇ ಅಮ್ಮ. ರಾತ್ರಿ ರೈಲಲ್ಲಿ ಬಂದೆ.”

“ಅಯ್ಯೋ, ರಾತ್ರಿಯೆಲ್ಲ ನಿದ್ದೆ ಇಲ್ವೇನೋ ಪಾಪ. ಇನ್ಮೇಲೆ ಈ ಮನೇಲಿ ನೀವೇನಾ ಇರೋದು?”

“ಇರೋ ಆಸೆ. ಸಂಜೆ ತೀರ್ಮಾನ ಆಗುತ್ತೆ.”

“ಇವತ್ತು ಸಂಜೇನೇ?” ಮಿಲ್ಡೆಯಮ್ಮನ ಹುಬ್ಬು ಕೂದಲಿನವರೆಗೆ ಏರಿತು. “ಅಷ್ಟು ಬೇಗನಾ?”

“ಹೊಂದಿದ್ರೆ ಇವತ್ತೇ ಅಂದಿದಾರೆ. ನನಗೆ ಮೇಲಿನ ಕೋಣೆ ಒಂದಿದ್ರೆ ಸಾಕಮ್ಮ, ದುರಾಸೆ ಇಲ್ಲ.”

ಮಿಲ್ಡೆಯಮ್ಮ ಅವನ ಕೈ ಹಿಡಿದು ಒತ್ತಿ, ಮುಖ ತಿರುಗಿಸಿಕೊಂಡು ಹೊರಟುಹೋದರು. ಹೆಣದ ಮುಂದೆಯೇ ಆಸ್ತಿಯ ಮಾತಾಡುತ್ತಿದ್ದರೂ ದುರಾಸೆಯಿಲ್ಲದ ಅಪರೂಪದ ನೆಂಟ ಎಂದು ಹತ್ತು ನಿಮಿಷದಲ್ಲಿ ಓಣಿಯ ಕೊನೆಯ ಮನೆಗೂ ಸುದ್ದಿ ತಲುಪಿತು.

ಆಮೇಲೆ ಕೇಕುಗಳ ಸಾಲೇ ಬಂತು. ದಾಲ್ಚಿನ್ನಿ ಬನ್ನುಗಳು ಬಂದವು, ಬಿಳಿ ಹೂವು ಬಂದವು, ಒಂದು ಪಾತ್ರೆ ಮೀನುಸಾರು ಬಂತು. ತಂದವರೆಲ್ಲ ಮೆಲ್ಲಗೆ ಮಾತಾಡಿ, ಬೆನ್ನು ತಟ್ಟಿ ಹೋದರು. ನಮ್ಮೂರಿನವರು ಬಾಯಿಬಡುಕರೆಂದು ದೇಶಕ್ಕೆಲ್ಲ ಗೊತ್ತು. ಆದರೆ ಸಾವಿನ ಮನೆಯಲ್ಲಿ ಸಾವಿನ ಹೆಸರೆತ್ತುವಷ್ಟು ಒರಟರಲ್ಲ. ಎಂಬ್ರಿಕ್ಕನೋ, ತಾನಾಗಿ ಬಂದದ್ದನ್ನು ಏಕೆ ಬಂತೆಂದು ಕೇಳುವ ಜಾಯಮಾನದವನಲ್ಲ. ಸಾವಿನ ಮನೆಗೆ ಒಯ್ಯುವ ಕೇಕಿಗೆ ನಾವು ಕ್ರೀಮು ಹಚ್ಚುವುದಿಲ್ಲ. ಒಂದು ಕೇಕಿನ ಮೇಲೂ ಕ್ರೀಮು ಇಲ್ಲದ್ದು ನೋಡಿ, ಇಲ್ಲಿ ಹಾಲಿಗೆ ಬರ ಇರಬೇಕೆಂದು ಮರುಗಿದ, ಅಷ್ಟೆ.

ಅವನ ಎದೆ ತುಂಬಿ ಬಂದಿತ್ತು. ಅವನ ಕಣಿವೆಯಲ್ಲಿ ಪಕ್ಕದ ಹೊಲಕ್ಕೆ ಹೊಸ ಒಕ್ಕಲು ಬಂದರೆ ತಲೆಯಾಡಿಸುವುದಕ್ಕೆ ಮೂರು ಚಳಿಗಾಲ ಹಿಡಿಯುತ್ತದೆ, ಮಾತಾಡಲು ಮತ್ತೆ ಅಷ್ಟು. ಇಲ್ಲಿ ಬಾಡಿಗೆಗೆ ಬಂದವನಿಗೆ, ಅದೂ ಒಂದು ದಿನದ ಪರೀಕ್ಷೆಗೆ ಬಂದವನಿಗೆ, ಇಷ್ಟು ಪ್ರೀತಿ! ಬನ್ನು ಬಾಯಲ್ಲಿಟ್ಟುಕೊಂಡೇ ಅವನು ಕಣ್ಣೊರೆಸಿಕೊಂಡ. ಅದನ್ನು ಕಿಟಕಿಯಿಂದ ಕಂಡವರು “ಎಷ್ಟು ಹಚ್ಕೊಂಡಿದ್ದಾನೋ ಪಾಪ” ಎಂದು ತಾವೂ ಕಣ್ಣೊರೆಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಫಾಸ್ಮರ್ ಯಜಮಾನರ ಸವಾರಿ ಬಂತು. ಸುಂಕದ ಇಲಾಖೆಯಿಂದ ನಿವೃತ್ತರಾದ ಅವರು ಓಣಿಯ ಸಂಘದ ಅಧ್ಯಕ್ಷರು. ಸಂಘದಲ್ಲಿ ಬೇರೆ ಪದಾಧಿಕಾರಿಗಳಿಲ್ಲದ ಕಾರಣ ಸರ್ವಾನುಮತ ಅವರದೇ. ಟೋಪಿ ತೆಗೆದು ಎದೆಗಿಟ್ಟುಕೊಂಡು ಹೇಳಿದರು:

“ಸಂಘದ ಪರವಾಗಿ ನಾವೂ ಭಾಗಿಗಳು. ಹಾಡಿನ ವ್ಯವಸ್ಥೆ ನಮ್ಮದು. ಯಾವುದನ್ನ ಹಾಡಿಸೋಣ ಅಂತ ತಾವೇ ಹೇಳ್ಬೇಕು.”

ಹಾಡು ಬೇರೆ! ಎಂಬ್ರಿಕ್ ನಾಚಿಕೊಂಡ. “ಅದೆಲ್ಲ ಯಾಕೆ ಸ್ವಾಮಿ ನನ್ನಂಥೋನಿಗೆ? ಹಾಡ್ಲೇಬೇಕು ಅಂದ್ರೆ ಒಂದು ಕುಣಿಯೋ ಥರದ್ದು ಹಾಡ್ಸಿ.”

“ಕುಣಿಯೋ ಥರದ್ದು?”

“ನಮ್ಮ ಕಡೆ ಹಂಗೇ. ಪಿಟೀಲು ನುಡಿಸ್ತಾರೆ, ಒಬ್ಬರು ಕೋಲಿನ ತುದಿಗೆ ಟೋಪಿ ಸಿಕ್ಕಿಸಿ ಎತ್ತಿ ಹಿಡೀತಾರೆ, ಕುಣಿಯೋನು ಹಾರಿ ಅದನ್ನ ಒದೀಬೇಕು. ನನಗೂ ಒಂದು ಕಾಲದಲ್ಲಿ ಬರ್ತಿತ್ತು. ಬೇಕಾದ್ರೆ ಒಂದು ಕೈ ನೋಡ್ತೀನಿ.”

ಫಾಸ್ಮರ್ ತಮ್ಮ ಟೋಪಿಯನ್ನು ಇನ್ನೂ ಭದ್ರವಾಗಿ ಹಿಡಿದುಕೊಂಡರು. “ಚರ್ಚಿನೊಳಗೇ?”

“ಜಾಗ ಇದ್ರೆ ಎಲ್ಲಾದ್ರೂ ಸರಿ.”

“ಯಾಕೋಬಿನೆ ಅಮ್ಮಾವ್ರು… ಅವರ ಇಷ್ಟ ಇದೇ ಆಗಿತ್ತಾ?”

“ಅವರದ್ದೇನೂ ತಕರಾರು ಇರಲ್ಲ ಬಿಡಿ,” ಎಂದ ಎಂಬ್ರಿಕ್ ಧಾರಾಳವಾಗಿ.

ಫಾಸ್ಮರ್ ಗೇಟಿನವರೆಗೆ ಹಿಮ್ಮುಖವಾಗಿಯೇ ನಡೆದು ಹೋದರು. ಕಪ್ತಾನನ ಹೆಂಡತಿಯಾಗಿ ಲೋಕ ಸುತ್ತಿದ ಹೆಂಗಸು, ಕೊನೆಯಾಸೆಗಳು ವಿಚಿತ್ರವಾಗಿರುವುದು ಸಹಜ ಎಂದು ದಾರಿಯಲ್ಲಿ ನಾಲ್ಕು ಜನಕ್ಕೆ ವಿವರಿಸಿದರು.

ಅಡುಗೆಮನೆಯಲ್ಲಿ ಆಗ ಮಿಲ್ಡೆಯಮ್ಮ ಮತ್ತೆ ಬಂದು, ಇನ್ನಿಬ್ಬರು ಹೆಂಗಸರ ಜೊತೆ ಪಾತ್ರೆ ತೊಳೆಯುತ್ತಿದ್ದರು. ಅಕ್ಕತಂಗಿಯರ ಜಗಳದ ಮೂಲದ ಬಗ್ಗೆ ಅಲ್ಲಿ ವಿಚಾರಸಂಕಿರಣ ನಡೆದಿತ್ತು. ಒಬ್ಬರು ಅದು ಒಬ್ಬ ಗಂಡಸಿನ ವಿಷಯ ಎಂದರು, ಇನ್ನೊಬ್ಬರು ದೋಣಿಯ ಪಾಲಿನ ವಿಷಯ ಎಂದರು. ಮಿಲ್ಡೆಯಮ್ಮ ಎರಡನ್ನೂ ಅಲ್ಲಗಳೆಯಲು ಬಾಯಿ ತೆರೆದವರು ಕಿಟಕಿಯಾಚೆ ನೋಡಿ ಹಾಗೆಯೇ ನಿಂತರು.

“ಲೊವೀಸೆ… ಓಣಿ ದಾಟಿದ್ಲು ಕಣ್ರೇ!”

ಮೂವರೂ ಲಂಗದ ಅಂಚಿಗೆ ಬೆಂಕಿ ಬಿದ್ದವರ ಹಾಗೆ ಹಿಂಬಾಗಿಲಿಂದ ಜಾಗ ಖಾಲಿ ಮಾಡಿದರು.

ಲೊವೀಸೆ ಗಿಡ್ಡ, ದುಂಡು ಹೆಂಗಸು. ಕಪ್ಪು ಕೋಟು ಹಾಕಿದ್ದರು. ಅದರ ಕೆಳಗೆ ಹುಟ್ಟುಹಬ್ಬಕ್ಕೆಂದು ಬೆಳಿಗ್ಗೆಯೇ ತೊಟ್ಟ ನೀಲಿ ರೇಷ್ಮೆ ಉಡುಪಿನ ಅಂಚು ಇಣುಕುತ್ತಿತ್ತು, ಬದಲಾಯಿಸಲು ಮನಸ್ಸು ಬಂದಿರಲಿಲ್ಲ. ಅವರು ಎಂಬ್ರಿಕ್ಕನನ್ನು ನೋಡಲಿಲ್ಲ, ಏನೂ ಕೇಳಲಿಲ್ಲ. ನೆಟ್ಟಗೆ ಮಹಡಿ ಹತ್ತಿದರು. ಮೇಲೆ ಹಲಗೆ ಕಿರುಗುಟ್ಟಿತು. ಅಕ್ಕನ ಹಾಸಿಗೆ ಖಾಲಿಯಿತ್ತು, ಹೆಣವನ್ನು ಆಗಲೇ ಚರ್ಚಿಗೆ ಒಯ್ದಿದ್ದಾರೆ ಎಂದುಕೊಂಡರು. ಕೆಳಗಿಳಿದು ಬಂದು ಮೇಜಿನ ಮುಂದೆ ಕೂತು, “ಕಾಫಿ ಇದ್ರೆ ಕೊಡಿ,” ಎಂದರು.

ಎಂಬ್ರಿಕ್ ಕೊಟ್ಟ. ಸ್ವಾಗತಕ್ಕೆ ಬಂದವರಲ್ಲಿ ಕೇಕು ತಾರದವರು ಇವರೊಬ್ಬರೇ ಎಂಬುದನ್ನು ಅವನು ಗಮನಿಸಿದ್ದ.

“ಇದೇ ಮೇಜು,” ಎಂದರು ಲೊವೀಸೆ, ಅವನಿಗಲ್ಲ, ಕಾಫಿ ಲೋಟಕ್ಕೆ. “ಅಮ್ಮನ್ನ ಮಣ್ಣು ಮಾಡಿ ಬಂದಿದ್ವಿ. ಇವಳು ಮೀನುಸಾರು ಬಡಿಸಿದ್ಲು. ಅಮ್ಮ ಇದಕ್ಕೆ ಒಂದು ಚಿಟಿಕೆ ಸಕ್ಕರೆ ಹಾಕ್ತಿದ್ಲು ಅಂದೆ. ಅಷ್ಟೇ ಅಂದಿದ್ದು. ಇವಳು ಇಲ್ಲವೇ ಇಲ್ಲ ಅಂದ್ಲು. ನಾನು ಹೌದು ಅಂದೆ. ಅದಕ್ಕೆ, ‘ಕೊನೇ ವರ್ಷ ನೀನು ಅಮ್ಮನ ಹತ್ರ ಇದ್ದಿದ್ರೆ ತಾನೇ ನಿನಗೆ ಗೊತ್ತಿರೋದು’ ಅಂದ್ಲು.”

ಎಂಬ್ರಿಕ್ ಬನ್ನನ್ನು ತಟ್ಟೆಗೆ ಇಟ್ಟ.

“ನಾನಾಗ ದೂರದ ಸ್ಟಾವಾಂಗರ್ ಊರಲ್ಲಿದ್ದೆ. ನಮ್ಮೆಜಮಾನ್ರು ಹಾಸಿಗೆ ಹಿಡಿದಿದ್ರು, ಬಿಟ್ಟು ಬರೋ ಹಂಗಿರ್ಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಅಂದ್ಲು. ಒಂದು ಸಲ ತಪ್ಪಾಯ್ತು ಅನ್ಲಿ ಅಂತ ಕಾದೆ. ಅವಳು ಯಾಕೆ ಅಂತಾಳೆ? ಅವಳು ನಾನು ಬರ್ಲಿ ಅಂತ ಕಾದ್ಲು. ಆ ಬೇಸಿಗೆಗೆ ಮುಂಚೆ ನಮ್ಮೆಜಮಾನ್ರೂ ತೀರ್ಕೊಂಡ್ರು, ನಾನು ಎದುರು ಮನೆಗೇ ಬಂದು ಸೇರ್ಕೊಂಡೆ, ಈ ಓಣಿ ದಾಟೋಕೆ ಮಾತ್ರ ಆಗ್ಲಿಲ್ಲ. ವರ್ಷಾ ವರ್ಷಾ ಇವತ್ತಿನ ದಿನ ಬಾವುಟ ನೋಡ್ತಿದ್ನಲ್ಲ, ಇದಾಳೆ, ನಾಳೆ ಮಾತಾಡಿದ್ರಾಯ್ತು ಅನ್ಕೋತಿದ್ದೆ. ಇವತ್ತು ಮಂಜು ಹರಿದ್ಮೇಲೆ ನೋಡ್ತೀನಿ, ಅರ್ಧದಲ್ಲಿದೆ.”

“ಯಾವುದು ಅರ್ಧದಲ್ಲಿದೆ?” ಎಂದ ಎಂಬ್ರಿಕ್.

ಲೊವೀಸೆ ಮೊದಲ ಸಲ ಅವನ ಮುಖ ನೋಡಿದರು. ಅವನು ಎದ್ದು, ಕಾಲುಚೀಲದಲ್ಲೇ ಒದ್ದೆ ಹುಲ್ಲಿಗೆ ಓಡಿ, ತಲೆಯೆತ್ತಿದ. ಕೇಕುಗಳು, ಬಿಳಿ ಹೂವು, ಹಾಡು, ಕಣ್ಣೀರು, ಎಲ್ಲವೂ ಒಟ್ಟಿಗೆ ಅವನ ತಲೆಯ ಮೇಲೆ ಬಿದ್ದವು. ಅವನು ಒಳಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ.

“ಅಮ್ಮಾ, ಯಾರೂ ಸತ್ತಿಲ್ಲ. ಗಂಟು ಅದು.”

“ಏನು?”

“ಗೂಳಿ ಕಟ್ಟೋ ಗಂಟು. ಹಗ್ಗ ಸವೆದಿತ್ತು, ನಾನು ಹಾಕ್ದೆ, ರಾಟೇಲಿ ಸಿಕ್ಕಾಕ್ಕೊಂಡಿದೆ. ನಾನು ಬಾಡಿಗೆಗೆ ಬಂದೋನು. ಅವರು ನಾಮಕರಣಕ್ಕೆ ಹೋಗಿದಾರೆ. ಸಂಜೆ ಬರ್ತಾರೆ.”

“ಬದುಕಿದಾಳೆ?”

“ಬೆಳಿಗ್ಗೆ ನನ್ನನ್ನ ಬೈದೇ ಹೋದ್ರಮ್ಮ.”

“ಯಾವ ಟೋಪಿ ಹಾಕ್ಕೊಂಡು ಹೋದ್ಲು?”

“ಹಸಿರು ಗರಿ ಇರೋದು.”

“ಇನ್ನೂ ಅದನ್ನೇ ಹಾಕ್ತಾಳಾ ಆ ದರಿದ್ರದ್ದನ್ನ!” ಎಂದು ಲೊವೀಸೆ ಮೇಜಿಗೆ ಹಣೆಯಿಟ್ಟು, ಅದುವರೆಗೆ ತಡೆದಿದ್ದ ಅಳುವನ್ನೆಲ್ಲ ಅತ್ತರು. ಅಕ್ಕ ಸತ್ತಳೆಂದು ಬಾರದ ಅಳು ಅಕ್ಕ ಇದ್ದಾಳೆಂದು ಬಂತು. ಎಂಬ್ರಿಕ್ ಏನು ಮಾಡಬೇಕೆಂದು ತೋಚದೆ ಅವರ ಮುಂದೆ ಒಂದೊಂದಾಗಿ ಮೂರು ಕೇಕು ತಂದಿಟ್ಟ.

ಅತ್ತು ಮುಗಿದ ಮೇಲೆ ಲೊವೀಸೆ ಮೂಗೊರೆಸಿಕೊಂಡು ಎದ್ದರು. “ನಾನು ಬಂದಿದ್ದೆ ಅಂತ ಅವಳಿಗೆ ಹೇಳಿದ್ರೆ ನಿಮ್ಮ ನಾಲಗೆ ಕೀಳ್ತೀನಿ,” ಎಂದು ಬಾಗಿಲವರೆಗೆ ಹೋದವರು ಅಲ್ಲೇ ನಿಂತರು. ಕಂಬದ ಕಡೆ ನೋಡಿದರು, ಕೆಳಗೆ ಬಂದರಿನ ಕಡೆ ನೋಡಿದರು.

“ಸಂಜೆ ದೋಣಿ ಒಳಗೆ ಬರುವಾಗ ಈ ಕಂಬ ಕಾಣುತ್ತೆ. ಮನೇಲಿರೋದು ಅವಳೊಬ್ಬಳೇ, ಅವಳಂತೂ ದೋಣೀಲಿದಾಳೆ. ಬಾವುಟ ಅರ್ಧಕ್ಕಿಳಿಸಿದಾರೆ ಅಂದ್ರೆ ಯಾರು ಸತ್ರು ಅನ್ಕೋತಾಳೆ? ಅವಳಿಗೆ ಈ ಲೋಕದಲ್ಲಿ ಉಳಿದಿರೋದು ನಾನೊಬ್ಳೇ. ಬೆಳಿಗ್ಗೆಯಿಂದ ನಾನು ಪಟ್ಟಿದ್ದನ್ನ ಅವಳೂ ಪಡೋದು ಬೇಡ. ತೆಗೀರಿ ಅದನ್ನ! ಏನಾದ್ರೂ ಮಾಡಿ ತೆಗೀರಿ!”

ಓಣಿಯೆಲ್ಲ ಸೇರಿತು. ಯಾಕೋಬಿನೆ ಬದುಕಿದ್ದಾರೆಂದು ತಿಳಿದು ಎಲ್ಲರಿಗೂ ಸಂತೋಷವಾಯಿತು. ಮಿಲ್ಡೆಯಮ್ಮನ ಸಂತೋಷದಲ್ಲಿ ಮಾತ್ರ ಖರ್ಚಾದ ಮೊಟ್ಟೆಗಳ ನೆನಪು ಸ್ವಲ್ಪ ಬೆರೆತಿತ್ತು. ಏಣಿ ತಂದರು, ಅರ್ಧ ಕಂಬಕ್ಕೂ ಎಟುಕಲಿಲ್ಲ. ಕಂಬವನ್ನೇ ಬಗ್ಗಿಸೋಣವೆಂದರೆ ಬುಡದ ಬೋಲ್ಟು ಉಪ್ಪು ಗಾಳಿಗೆ ತುಕ್ಕು ಹಿಡಿದು ಕಂಬದ ಜೊತೆ ಒಂದಾಗಿತ್ತು. ಹಗ್ಗವನ್ನು ಎಲ್ಲರೂ ಜೋತುಬಿದ್ದು ಎಳೆದರು. ಗೂಳಿಗೆ ಬಗ್ಗದ ಗಂಟು ಸುಂಕದ ಅಧಿಕಾರಿಗೆ ಬಗ್ಗುತ್ತದೆಯೇ? ಇನ್ನಷ್ಟು ಬಿಗಿಯಿತು.

“ಹಗ್ಗ ಕತ್ತರಿಸಿಬಿಡೋಣ,” ಎಂದ ಎಂಬ್ರಿಕ್.

“ಕತ್ತರಿಸಿದ್ರೆ ಬಾವುಟ ನೆಲಕ್ಕೆ ಬೀಳುತ್ತೆ!” ಫಾಸ್ಮರ್ ಗರ್ಜಿಸಿದರು. “ನನ್ನ ಅಧ್ಯಕ್ಷತೆಯಲ್ಲಿ ಬಾವುಟ ನೆಲ ಮುಟ್ಟೋದಿಲ್ಲ.”

“ಕೆಳಗೆ ಹಾಸಿಗೆ ಬಟ್ಟೆ ಹಿಡ್ಕೊಂಡ್ರೆ?”

“ಗಾಳಿ ಯಾವ ಕಡೆಗಿದೆ ಅಂತ ಮೊದಲು ತೀರ್ಮಾನ ಆಗ್ಲಿ.”

ಗಾಳಿಯ ದಿಕ್ಕಿನ ಬಗ್ಗೆ ಓಣಿಯಲ್ಲಿ ಎರಡು ಪಂಗಡವಾಯಿತು. ಒಂದು ಪಂಗಡ ಹಾಸಿಗೆ ಬಟ್ಟೆಯನ್ನು ಗುಲಾಬಿ ಗಿಡದ ಕಡೆ ಹಿಡಿಯಿತು, ಇನ್ನೊಂದು ಬೇಲಿಯ ಕಡೆ ಎಳೆಯಿತು. ನಡುವೆ ಲೊವೀಸೆ ಕಪ್ಪು ಕೋಟು ಬಿಸಾಕಿ, ನೀಲಿ ರೇಷ್ಮೆಯಲ್ಲೇ ಹಗ್ಗಕ್ಕೆ ಜೋತುಬಿದ್ದು, ಅಂಗೈ ಕೆಂಪಾದರೂ ಬಿಡದೆ ಎಳೆಯುತ್ತಿದ್ದರು. ಆಗ ಬಂದರಿನಲ್ಲಿ ದೋಣಿಯ ಕೂಗು ಕೇಳಿಸಿತು.

ಯಾಕೋಬಿನೆ ಓಣಿ ಹತ್ತಿ ಬಂದ ರೀತಿಯನ್ನು ನಮ್ಮ ಕಡೆ ಈಗಲೂ ನೆನೆಯುತ್ತಾರೆ. ಕೊಡೆ ಎಲ್ಲೋ ಬಿಟ್ಟುಹೋಗಿತ್ತು. ಟೋಪಿ ಒಂದು ಕಿವಿಗೆ ಜಾರಿ, ಹಸಿರು ಗರಿ ಕಣ್ಣಿನ ಮೇಲೆ ತೂಗುತ್ತಿತ್ತು. ಆ ವಯಸ್ಸಿನಲ್ಲಿ, ಆ ಒದ್ದೆ ಕಲ್ಲುಗಳ ಮೇಲೆ, ಓಡಿಕೊಂಡೇ ಬಂದರು. ತಮ್ಮ ತೋಟದ ಕಡೆ, ಬೇಲಿಯ ಹಿಂದೆ ಹಾಸಿಗೆ ಬಟ್ಟೆ ಹಿಡಿದು ನಿಂತಿದ್ದ ಜನರ ಕಡೆ, ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಲೊವೀಸೆಯ ಗೇಟು ತಳ್ಳಿ, ಚಿಲಕ ಹಾಕದ ಬಾಗಿಲು ತೆರೆದು, ಬೂಟು ಬಿಚ್ಚದೆ ಒಳಗೆ ನುಗ್ಗಿದರು.

“ಲೊವೀಸೇ! ಲೊವೀಸೇ!”

ಕೋಣೆಯಿಂದ ಕೋಣೆಗೆ ಆ ಕೂಗು ಹೋಯಿತು. ಹದಿನೇಳು ವರ್ಷ ಆ ಬಾಯಿಂದ ಬಾರದಿದ್ದ ಹೆಸರು. ಈಚೆ ತೋಟದಲ್ಲಿ ಲೊವೀಸೆ ಹಗ್ಗ ಹಿಡಿದೇ ನಿಂತಿದ್ದರು. ಕೂಗು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಯಾಕೋಬಿನೆ ನಿಧಾನವಾಗಿ ಬಾಗಿಲಿಗೆ ಬಂದರು, ಮತ್ತು ಓಣಿಯಾಚೆ, ತಮ್ಮದೇ ಕಂಬದ ಕೆಳಗೆ, ತಂಗಿಯನ್ನು ಕಂಡರು.

“ಇದೀಯೇನೇ?” ಎಂದರು.

“ಇದೀನಿ,” ಎಂದರು ಲೊವೀಸೆ. “ನಿನ್ನ ಬಾಡಿಗೆಯೋನು ಗಂಟು ಹಾಕಿದಾನೆ. ನಾನು ನೀನು ಸತ್ತೆ ಅನ್ಕೊಂಡೆ.”

“ನಿನ್ನ ಹಾಸಿಗೆ ಮುಟ್ಟಿ ನೋಡ್ದೆ. ತಣ್ಣಗಿತ್ತು.” ಯಾಕೋಬಿನೆ ಕಣ್ಣಿನ ಮೇಲೆ ತೂಗುತ್ತಿದ್ದ ಗರಿಯನ್ನು ಸರಿಸಿದರು. ಆಮೇಲೆ ಗಟ್ಟಿಯಾಗಿ ರೇಗಿದರು. “ಬರೋದಿದ್ರೆ ನಾನು ಬದುಕಿದ್ದಾಗ ಬರ್ಬೇಕಿತ್ತು! ಸತ್ತಮೇಲೆ ಬಂದ್ಯಲ್ಲ!”

“ನೀನು ಯಾವಾಗ ಬಂದೆ?”

ಯಾಕೋಬಿನೆ ಸುತ್ತ ನೋಡಿದರು. ತಾವು ನಿಂತದ್ದು ತಂಗಿಯ ಹೊಸ್ತಿಲ ಮೇಲೆ.

“ನಾನೂ ನೀನು ಸತ್ತಮೇಲೇ ಬಂದೆ,” ಎಂದರು ಮೆಲ್ಲಗೆ.

ಫಾಸ್ಮರ್ ಸಂದರ್ಭೋಚಿತವಾಗಿ ಎರಡು ಮಾತಾಡಲು ಮುಂದೆ ಬಂದರು. ಮಿಲ್ಡೆಯಮ್ಮ ಅವರ ಕೋಟಿನ ಬಾಲ ಹಿಡಿದು ಹಿಂದಕ್ಕೆಳೆದರು. ಯಾಕೋಬಿನೆ ಓಣಿ ದಾಟಿ ಬಂದು, ತಂಗಿಯ ಕೈಯಿಂದ ಹಗ್ಗ ಬಿಡಿಸಿ, ಕೆಂಪಾದ ಅಂಗೈಯನ್ನು ತಮ್ಮ ಕರವಸ್ತ್ರದಲ್ಲಿ ಸುತ್ತಿದರು. ಅಪ್ಪಿಕೊಳ್ಳಲಿಲ್ಲ. ನಮ್ಮ ಕಡೆ ಅದೆಲ್ಲ ಅಷ್ಟಾಗಿ ಇಲ್ಲ. ಸುತ್ತಿದ ಕೈಯನ್ನು ಬಿಡಲೂ ಇಲ್ಲ.

ಸಾವಿಗೆ ಬಂದ ಕೇಕುಗಳನ್ನು ಆ ಸಂಜೆ ಹುಟ್ಟುಹಬ್ಬಕ್ಕೆ ತಿಂದರು. ಯಾಕೋಬಿನೆ ಒಂದು ತುಂಡು ಬಾಯಿಗಿಟ್ಟು, “ಇದು ಮಿಲ್ಡೆದು. ನನ್ನ ಸಾವಿಗಾದ್ರೂ ಒಂದು ಮೊಟ್ಟೆ ಜಾಸ್ತಿ ಹಾಕ್ಬಾರ್ದಿತ್ತಾ?” ಎಂದರು. ಮೀನುಸಾರಿನ ಪಾತ್ರೆ ಒಲೆಯ ಮೇಲಿತ್ತು. ಅದಕ್ಕೆ ಸಕ್ಕರೆ ಬೀಳಬೇಕೋ ಬೇಡವೋ ಎಂಬ ಪ್ರಶ್ನೆ ಎದ್ದು, ಎರಡೂ ಕಡೆಯಿಂದ ಸಾಕಷ್ಟು ಬಿರುಸಾದ ವಾದ ನಡೆದು, ತೀರ್ಮಾನವಾಗದೆ ಉಳಿಯಿತು. ವಾದ ಮುಗಿದ ಮೇಲೆ ಯಾಕೋಬಿನೆ ಸಾರು ಕಲಕುತ್ತ, ಹಿಂದೆ ತಿರುಗದೆ ಹೇಳಿದರು:

“ಅವತ್ತು ನಾನು ಹಾಗನ್ಬಾರ್ದಿತ್ತು. ಸ್ಟಾವಾಂಗರಿನದ್ದು.”

“ಹೂಂ,” ಎಂದರು ಲೊವೀಸೆ.

ಈ ಮಾತುಗಳ ನಡುವೆ ಎಂಬ್ರಿಕ್ ಸೂಟ್‌ಕೇಸು ಹಿಡಿದು ಮೆಟ್ಟಿಲಿಳಿದು ಬಂದ. ಕಳ್ಳನಂತೆ ಬೂಟು ಹುಡುಕುತ್ತಿದ್ದವನನ್ನು ಯಾಕೋಬಿನೆ ತಡೆದರು.

“ಎಲ್ಲಿಗೆ?”

“ರಾತ್ರಿ ರೈಲಿಗೆ ಅಮ್ಮ. ನಾನು ಸಮುದ್ರದ ಮೇಲೆ ಇದ್ದೋನಲ್ಲ. ಒಂದು ಸಲ ಸರೋವರ ದಾಟಿದ್ದೆ, ಅಷ್ಟೇ.”

“ಅದು ನನಗೆ ಫೋನಲ್ಲೇ ಗೊತ್ತಾಯ್ತು. ಸಮುದ್ರ ಕಂಡೋರು ಯಾರೂ ಅದನ್ನ ಅಷ್ಟು ಖುಷಿಯಿಂದ ಹೇಳಲ್ಲ. ಹಂಗಾದ್ರೆ ಆ ಗಂಟು ಬಿಚ್ಚೋರ್ಯಾರು? ಬಿಚ್ಚೋ ತನಕ ಇಲ್ಲೇ ಬಿದ್ದಿರಿ.”

ಎಂಬ್ರಿಕ್ ಸೂಟ್‌ಕೇಸು ಹೊತ್ತು ಮತ್ತೆ ಮೆಟ್ಟಿಲು ಹತ್ತಿದ. ಜೂನ್ ಸಂಜೆಯ ಬೆಳಕು ಇನ್ನೂ ಕಿಟಕಿಯಲ್ಲಿತ್ತು. ಕೆಳಗೆ ಲೊವೀಸೆ ಕೋಟು ಹಾಕಿಕೊಳ್ಳುವ ಸದ್ದು, ಬಾಗಿಲು ತೆರೆದ ಸದ್ದು ಕೇಳಿಸಿತು. ಆಮೇಲೆ ಯಾಕೋಬಿನೆಯ ದನಿ.

“ನಾಳೆ ಬರ್ತೀಯಾ?”

“ನಾಳೆ ಯಾರೂ ಸತ್ತಿರಲ್ವಲ್ಲ ಅಕ್ಕಾ. ಏನಂತ ಬರ್ಲಿ?”

ಯಾಕೋಬಿನೆ ಹೊಸ್ತಿಲವರೆಗೆ ನಡೆದು ಬಂದ ಸದ್ದಾಯಿತು.

“ಸುಮ್ನೆ ಬಾರೇ,” ಎಂದರು.